ಬೆಟ್ಟದ ಮಾವ

ಕಲಿಪಾ ಅಕ್ಕ ನನ್ನ ಅಂಗಡಿಗೆ ಬಂದು ಸಕ್ಕರೆ ಅಂತ ಬಾಯಿಬಿಟ್ಟು ಕೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. "ಚಹಾದ ಜೊತೆಗಾತಿ ಒಂದು ಕಿಲೋ ಕೊಡಪ್ಪ" ಅನ್ನುತ್ತಾಳೆ. ಅವಳ ಅತ್ತೆಯ ಹೆಸರು ಶೆಕೆರ್, ನಮ್ಮ ಮಾತಿನಲ್ಲಿ ಸಕ್ಕರೆ. ಭಾವನ ಹೆಸರು ತೆಮಿರ್, ಅಂದರೆ ಕಬ್ಬಿಣ. ಹಾಗಾಗಿ ಕಬ್ಬಿಣದ ಸಲಾಕೆ ಬೇಕಾದಾಗ "ಆ ತುಕ್ಕು ಹಿಡಿಯೋದು ಕೊಡು" ಅನ್ನುತ್ತಾಳೆ. ಭಾವ ಪಕ್ಕದಲ್ಲೇ ನಿಂತಿದ್ದರೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ ಅನ್ನುತ್ತಾಳೆ.

ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರಬಾರದು ಅನ್ನುವುದು ನಮ್ಮ ಕಿರ್ಗಿಜ್ ಮನೆಗಳ ಹಳೇ ಕಟ್ಟಳೆ. ಈಗಿನ ಸೊಸೆಯಂದಿರು ಅತ್ತೆಯ ಹೆಸರಿಗೆ ನಾಲ್ಕು ಬಿರುದು ಸೇರಿಸಿಯೇ ಕರೆಯುತ್ತಾರೆ, ಆ ಮಾತು ಬೇರೆ. ಕಲಿಪಾ ಹಳೇ ಕಾಲದವಳು. ಕಣಿವೆಯಾಚೆಯಿಂದ ಮದುವೆಯಾಗಿ ಬಂದ ದಿನದಿಂದ ಒಂದು ಹೆಸರೂ ಜಾರಿಲ್ಲ. ನಾಲಿಗೆ ಮಾತ್ರ ಕತ್ತರಿ. ಹೆಸರು ಹಿಡಿಯದೆ ಬೈಯುವ ಕಲೆ ಅವಳಿಗೆ ಒಲಿದಷ್ಟು ನಮ್ಮ ಊರಲ್ಲಿ ಯಾರಿಗೂ ಒಲಿದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಅವಳ ಮಾವನದು. ಆತನ ಹೆಸರು ಇಲ್ಬಿರ್ಸ್. ಇಲ್ಬಿರ್ಸ್ ಅಂದರೆ ಹಿಮಚಿರತೆ. ಹಿಂದೆ ಹುಟ್ಟಿದ ಮಕ್ಕಳೆಲ್ಲ ತೀರಿಕೊಂಡವೆಂದು, ಸಾವು ಹೆದರಲಿ ಅಂತ ಅವರಮ್ಮ ಇಟ್ಟ ಹೆಸರು. ಸಾವು ನಿಜವಾಗಿಯೂ ಹೆದರಿತು. ಮುದುಕ ತೊಂಬತ್ತು ದಾಟುವವರೆಗೂ ಮನೆಮಂದಿಯ ತಲೆ ತಿಂದುಕೊಂಡು ಗಟ್ಟಿಯಾಗಿದ್ದ. ಮೂರು ಚಳಿಗಾಲದ ಹಿಂದಷ್ಟೇ ಹೋದ. ಹರೆಯದಲ್ಲಿ ಅವನ ಕೆಲಸ, ಸೋವಿಯತ್ ಸರ್ಕಾರಕ್ಕಾಗಿ ಹಿಮಚಿರತೆಗಳನ್ನು ಜೀವಂತ ಹಿಡಿದು ಮೃಗಾಲಯಗಳಿಗೆ ಕಳಿಸುವುದು. ಒಂದನ್ನೂ ಕೊಂದವನಲ್ಲ, ಅದನ್ನು ಸಾಯುವವರೆಗೂ ಹೇಳಿಕೊಂಡು ಮೆರೆದ.

ಕಲಿಪಾ ಮೃಗದ ಹೆಸರನ್ನೂ ಹೇಳುವಂತಿಲ್ಲವಲ್ಲ, ಅದಕ್ಕೆ ಬೆಟ್ಟದ ಮಾವ ಅಂತ ಹೆಸರಿಟ್ಟಳು. "ನಿನ್ನೆ ಬೆಟ್ಟದ ಮಾವ ಬಂದು ಹೋದಂಗಿದೆ, ಒಂದು ಮರಿ ಕಾಣ್ತಿಲ್ಲ" ಅನ್ನುವಳು. ಒಲೆಯ ಪಕ್ಕದ ಮೂಲೆಯಿಂದ ಮನೆಯ ಮಾವ ಗೊಣಗುವನು: "ಅವನಿಗಾದರೆ ಮರಿ, ನನಗೆ ಬರೀ ಸಾರು." ಊರಿಗೆಲ್ಲ ಈ ಭಾಷೆ ಗೊತ್ತು. ಊರಾಚೆಯವರಿಗೆ ಗೊತ್ತಿರಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಊರಾಚೆಯವರು ಬಂದದ್ದು ಹಿಮಚಿರತೆಯ ನೆಪದಲ್ಲೇ. ಹನ್ನೆರಡು ದೇಶಗಳು ಸೇರಿ ಅದನ್ನು ಉಳಿಸುವುದೆಂದು ಒಪ್ಪಂದವಾಯಿತಂತೆ. ಆಮೇಲೆ ಪ್ರತಿ ಶರತ್ಕಾಲದಲ್ಲಿ ನಮ್ಮ ಹೊಳೆಯ ದಂಡೆಯಲ್ಲಿ ದೊಡ್ಡ ಬಿಳಿ ಗುಡಾರ ಏಳುತ್ತದೆ, ಸಭೆ ನಡೆಯುತ್ತದೆ, ಕುರಿಗಳು ಕಡಿಮೆಯಾಗುತ್ತವೆ. ಚಿರತೆ ವರ್ಷಕ್ಕೆ ತಿನ್ನುವುದನ್ನು ಸಭೆ ವಾರದಲ್ಲಿ ಮುಗಿಸುತ್ತದೆ. ಮನೆಮನೆಗೂ ಒಂದು ಕ್ಯಾಲೆಂಡರ್ ಹಂಚಿದರು. ಅದರಲ್ಲಿ ಚಿರತೆಯ ಚಿತ್ರ, ಕೆಳಗೆ ನಮ್ಮ ಭಾಷೆಯಲ್ಲಿ: ನಿಮ್ಮ ದೊಡ್ಡಿಗೆ ನುಗ್ಗಿದರೆ ಗುಂಡು ಹಾರಿಸಬೇಡಿ, ನಮ್ಮನ್ನು ಕರೆಯಿರಿ, ತಕ್ಷಣ ಬರುತ್ತೇವೆ. ಫೋನ್ ನಂಬರೂ ಇತ್ತು. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಗೋರಿಗಳ ಹಿಂದಿನ ಗುಡ್ಡ ಹತ್ತಿದರೆ ಮಾತ್ರ, ಅದೂ ಗಾಳಿ ಮನಸ್ಸು ಮಾಡಿದರೆ.

ಕಳೆದ ಶರತ್ಕಾಲ, ಸಭೆಯ ಕೊನೆಯ ದಿನ. ಬೆಳಿಗ್ಗೆ ಕಲಿಪಾ ಕುರಿ ಬಿಡಲು ಹೋಗಿ ದೊಡ್ಡಿಯ ಬಾಗಿಲು ಸ್ವಲ್ಪ ತೆಗೆದಳು, ಅಷ್ಟೇ ಬೇಗ ಮುಚ್ಚಿದಳು. ಸೂರಿನ ಕೊಳೆತ ಭಾಗ ಕುಸಿದಿತ್ತು. ಒಳಗೆ ಎಂಟೊಂಬತ್ತು ಕುರಿ ಸತ್ತು ಬಿದ್ದಿದ್ದವು, ಅವುಗಳ ನಡುವೆ ಹಿಮಚಿರತೆ ಕೂತಿತ್ತು. ಇಳಿದ ದಾರಿಯಲ್ಲೇ ಹತ್ತಲು ಅದಕ್ಕೆ ಆಗುತ್ತಿರಲಿಲ್ಲ.

ಗಂಡ ಮೇಲಿನ ಕಣಿವೆಯಲ್ಲಿ ಕುದುರೆ ಕಾಯುತ್ತಿದ್ದ. ಮನೆಯಲ್ಲಿದ್ದವನು ಮೈದುನ ಸಾಗಿನ್. ಕಿರಿಯವರ ಹೆಸರು ಹೇಳಲು ಅಡ್ಡಿಯಿಲ್ಲ, ಆದರೂ ಸೊಸೆ ಬಂದಾಗ ಅವರಿಗೊಂದು ಮುದ್ದಿನ ಹೆಸರು ಕಟ್ಟುವುದು ರೂಢಿ. ಐವತ್ತಾಗಿ ಮೀಸೆ ನರೆತರೂ ಸಾಗಿನ್ ಅವಳಿಗೆ ಪುಟ್ಟನೇ. ಅವನು ಕಟ್ಟಿಗೆ ರಾಶಿಯಿಂದ ಒಂದು ದಪ್ಪ ತೊಲೆ ಎಳೆದು ತಂದು ಬಾಗಿಲಿಗೆ ಅಡ್ಡ ಕೊಟ್ಟ. ಬಂದೂಕು ಮನೆಯಲ್ಲಿತ್ತು, ಗುಂಡು ಇರಲಿಲ್ಲ. ಗುಂಡು ತರುತ್ತೇನೆಂದು ಪಕ್ಕದೂರಿಗೆ ಕುದುರೆ ಏರಿದ.

"ಪುಟ್ಟಾ, ಜೈಲಿಗೆ ಹಾಕ್ತಾರೆ" ಅಂದಳು ಕಲಿಪಾ.

"ಹಾಕ್ಲಿ. ಅಲ್ಲಾದ್ರೂ ಯಾರೂ ನನ್ನ ಕುರಿ ತಿನ್ನಲ್ಲ."

ಅವನು ಜೈಲಿಗೆ ಹೋಗುವುದು ಬಾಯಿಮಾತಲ್ಲ. ಮೇಲಿನ ಹಳ್ಳಿಯವನೊಬ್ಬ ಇದೇ ತಪ್ಪಿಗೆ ಇನ್ನೂ ಒಳಗಿದ್ದಾನೆ. ತೊಲೆ ಅವಳೊಬ್ಬಳಿಂದ ಅಲ್ಲಾಡುವಂಥದ್ದಲ್ಲ. ಅವಳಿಗೆ ಕ್ಯಾಲೆಂಡರ್ ನೆನಪಾಯಿತು. ಕರೆಯಿರಿ, ಬರುತ್ತೇವೆ ಅಂದಿದ್ದಾರೆ, ಇಲ್ಲೇ ಹೊಳೆ ದಂಡೆಯಲ್ಲಿ ಕೂತಿದ್ದಾರೆ, ಫೋನ್ ಯಾಕೆ ಅಂತ ತಲೆಗೆ ವಸ್ತ್ರ ಬಿಗಿದು ನಡೆದೇ ಹೊರಟಳು.

ಆ ಹೊತ್ತಿಗೆ ನಾನು ಗುಡಾರಕ್ಕೆ ಎರಡನೇ ಪೆಟ್ಟಿಗೆ ವೋಡ್ಕಾ ತರಲು ಅಂಗಡಿಗೆ ಹೋಗಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ಮೇರಿಮ್ ಹೇಳಿದಳು. ಮೇರಿಮ್ ಅಂದರೆ ಆ ಸಭೆಯ ಮಾತನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೊರುವ ಹುಡುಗಿ. ರಾಜಧಾನಿಯಲ್ಲೇ ಹುಟ್ಟಿ ಬೆಳೆದವಳು, ಒಳ್ಳೆಯವಳು, ಹೇಳಿದ್ದನ್ನು ಹೇಳಿದ ಹಾಗೇ ದಾಟಿಸುವವಳು. ಅಲ್ಲೇ ಎಡವಟ್ಟಾಯಿತು.

ಗುಡಾರದಲ್ಲಿ ಊಟಕ್ಕೆ ಮುಂಚಿನ ಕೊನೆಯ ಭಾಷಣ. ನಾಲ್ಕು ವರ್ಷ ಕಾದರೂ ತಮ್ಮ ಕ್ಯಾಮೆರಾಗಳಿಗೆ ಒಂದು ಚಿರತೆಯ ಬಾಲವೂ ಸಿಕ್ಕಿಲ್ಲವೆಂದು ಒಬ್ಬ ವಿದ್ವಾಂಸ ಕೊರಗುತ್ತಿದ್ದ. ನಮ್ಮ ಅಕಿಮ್, ಅಂದರೆ ಜಿಲ್ಲೆಯ ಮುಖ್ಯಸ್ಥ ಜಪಾರ್, ಆಗತಾನೆ ತನ್ನ ಮಾತು ಮುಗಿಸಿ ಕೂತಿದ್ದ: ನಮ್ಮ ಜಿಲ್ಲೆಯಲ್ಲಿ ಜನರೂ ಮೃಗಗಳೂ ಹಾಲು ಜೇನಿನಂತಿದ್ದಾರೆ, ಒಂದು ದೂರೂ ಇಲ್ಲ. ಆಗ ದೂರು ಬಾಗಿಲಲ್ಲಿ ಬಂದು ನಿಂತಿತು.

"ಬೆಟ್ಟದ ಮಾವ ನಮ್ಮ ದೊಡ್ಡಿಗೆ ಬಿದ್ದಿದಾರೆ" ಅಂದಳು ಕಲಿಪಾ. "ಎಂಟೊಂಬತ್ತು ಕುರಿ ಮುಗಿಸಿ ಅಲ್ಲೇ ಕೂತಿದಾರೆ. ಮೈದುನ ಗುಂಡು ತರೋಕೆ ಹೋಗಿದಾನೆ. ಬೇಗ ಬನ್ನಿ."

ಮೇರಿಮ್ ಚಾಚೂ ತಪ್ಪದೆ ದಾಟಿಸಿದಳು. ಬೆಟ್ಟದಲ್ಲಿ ವಾಸಿಸುವ ಈಕೆಯ ಮಾವ ಕುರಿದೊಡ್ಡಿಯಲ್ಲಿ ಬಿದ್ದಿದ್ದಾರೆ, ಎಂಟೊಂಬತ್ತು ಕುರಿ ತಿಂದಿದ್ದಾರೆ, ಮಗನೇ ಅವರನ್ನು ಕೊಲ್ಲಲು ಹೊರಟಿದ್ದಾನೆ. ಹನ್ನೆರಡು ದೇಶಗಳು ಒಟ್ಟಿಗೆ ಲೋಟ ಕೆಳಗಿಟ್ಟವು.

"ಅವರಿಗೆ ವಯಸ್ಸೆಷ್ಟು?" ಒಬ್ಬ ಡಾಕ್ಟರು ಕೇಳಿದ.

"ಅದೆಲ್ಲಿ ಗೊತ್ತಾಗುತ್ತೆ. ಹಲ್ಲು ಗಟ್ಟಿಯಾಗಿವೆ."

"ನೋಡೋಕೆ ಹೇಗಿದಾರೆ?"

"ಮೈತುಂಬ ಚುಕ್ಕೆ."

"ಜ್ವರ ಇದೆಯಾ?"

"ನೀವೇ ಬಂದು ಮುಟ್ಟಿ ನೋಡಿ" ಅಂದಳು ಕಲಿಪಾ. ಅವಳಿಗೆ ಸಿಟ್ಟು ಏರತೊಡಗಿತ್ತು. ಎದುರಿಗೆ ಗುಡಾರದಗಲ ಚಿರತೆಯ ಚಿತ್ರದ ಬ್ಯಾನರ್ ಕಂಡಿತು. ಬೆರಳು ತೋರಿಸಿದಳು. "ಇವ್ರೇ ಅಲ್ವಾ, ಇಷ್ಟು ದೊಡ್ಡದಾಗಿ ಕಾಣ್ತಿಲ್ವಾ ನಿಮಗೆ?"

ಬ್ಯಾನರಿನ ಕೆಳಗೆ ನೇರವಾಗಿ ಅಕಿಮ್ ಜಪಾರ್ ಕೂತಿದ್ದ. ಎಲ್ಲರೂ ಅವನನ್ನೇ ನೋಡಿದರು. ಒಬ್ಬ ವಿದೇಶಿ ಹೆಂಗಸು ಕುರ್ಚಿಯನ್ನು ಅವನಿಂದ ತುಸು ಆಚೆ ಸರಿಸಿಕೊಂಡಳಂತೆ. ಅವನು ಎಂಟೊಂಬತ್ತು ಕುರಿ ತಿಂದವನೆಂದರೆ ನಮ್ಮ ಜಿಲ್ಲೆಯಲ್ಲಿ ಯಾರೂ ಅಲ್ಲಗಳೆಯುತ್ತಿರಲಿಲ್ಲ, ಲೆಕ್ಕ ಕಡಿಮೆಯಾಯಿತು ಅನ್ನುತ್ತಿದ್ದರು ಅಷ್ಟೇ.

ಈಗ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಮೇರಿಮ್‌ಗೆ ಅರ್ಥವಾಗಲಿಲ್ಲ, ಪರದೇಶದವರಿಗೆ ಆಗಲಿಲ್ಲ, ಸರಿ. ಜಪಾರ್‌ಗೆ ಆಗಿತ್ತು. ಅವನು ಇದೇ ಕಣಿವೆಯವನು. ಮುದುಕ ಇಲ್ಬಿರ್ಸನ ಗೋರಿಗೆ ಮಣ್ಣು ಹಾಕಲು ಬಂದವನು.

"ಅಕ್ಕಾ, ಮನೆ ಜಗಳ ಮನೇಲಿರ್ಲಿ" ಅಂದ ನಗುತ್ತ. "ಅತಿಥಿಗಳ ಊಟ ಆಗ್ಲಿ, ಆಮೇಲೆ ನೋಡೋಣ."

"ಊಟ ಆಗೋಷ್ಟ್ರಲ್ಲಿ ಪುಟ್ಟ ವಾಪಸ್ ಬಂದಿರ್ತಾನೆ. ಜಪಾರಣ್ಣ, ನಿಮ್ಮ ತಾಯಿನೂ ಹೀಗೇ ಮಾತಾಡ್ತಿದ್ರು. ನಾನು ಯಾರ ವಿಷ್ಯ ಹೇಳ್ತಿದೀನಿ ಅಂತ ನಿಮಗೆ ಗೊತ್ತು."

"ಗೊತ್ತಿಲ್ಲವಲ್ಲ" ಅಂದ. ಅತಿಥಿಗಳ ಕಡೆ ತಿರುಗಿ, ಪಾಪ, ಮನೆಯ ತಾಪತ್ರಯ, ಹೆಣ್ಣುಮಗಳಿಗೆ ತಲೆ ಕೆಟ್ಟಿದೆ ಅಂತ ಮೇರಿಮ್ ಕೈಲಿ ಹೇಳಿಸಿದ. ಡಾಕ್ಟರು ತನ್ನ ಚೀಲದಿಂದ ಎರಡು ಮಾತ್ರೆ ತೆಗೆದು ಕಲಿಪಾಳ ಅಂಗೈಯಲ್ಲಿಟ್ಟ.

ಕಲಿಪಾ ಮಾತ್ರೆ ನೋಡಿದಳು. ಬ್ಯಾನರ್ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ತಲೆವಸ್ತ್ರದ ತುದಿಯಿಂದ ಅರ್ಧ ಮುಖ ಮುಚ್ಚಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ ನೆಲ ನೋಡುತ್ತ ಹೇಳಿದಳು.

"ಇಲ್ಬಿರ್ಸ್."

ನಮ್ಮ ಭಾಷೆಯಲ್ಲಿ ಆ ಅತಿಥಿಗಳು ಕಲಿತಿದ್ದದ್ದು ಅದೊಂದೇ ಪದ. ಎಲ್ಲರ ಮುಖ ಅರಳಿತು. ಅದು ಅವರಿಗೆ ಪೂರ್ತಿ ತಿಳಿಯುವ ಮೊದಲೇ ಜಪಾರ್ ಲೋಟ ಎತ್ತಿ ಎದ್ದು ನಿಂತ. "ಇಲ್ಬಿರ್ಸ್!" ಅಂದ. ಹನ್ನೆರಡು ದೇಶಗಳು ಎದ್ದು ನಿಂತವು. ಇಲ್ಬಿರ್ಸ್, ಇಲ್ಬಿರ್ಸ್ ಅನ್ನುತ್ತ ಲೋಟಕ್ಕೆ ಲೋಟ ತಾಗಿಸಿ ಕುಡಿದರು. ಹಳ್ಳಿಯ ಹೆಂಗಸೊಬ್ಬಳು ತಾನಾಗಿ ಬಂದು ಮೃಗದ ಹೆಸರಲ್ಲಿ ಹಾರೈಸಿದಳಲ್ಲ ಅಂತ ಕೆಲವರ ಕಣ್ಣಲ್ಲಿ ನೀರು ಬಂತಂತೆ. ಆ ಹೆಂಗಸು ಯಾವಾಗ ಹೊರಗೆ ಹೋದಳೆಂದು ಯಾರೂ ನೋಡಲಿಲ್ಲ.

ವೋಡ್ಕಾ ಪೆಟ್ಟಿಗೆ ಇಳಿಸುತ್ತಿದ್ದ ನನ್ನ ಕೈಗೆ ಸಿಕ್ಕಿದ್ದು ಹೊರಗೆ ಬಂದ ಕಲಿಪಾ. ಬೆಟ್ಟದ ಮಾವ ದೊಡ್ಡಿಯಲ್ಲಿದ್ದಾರೆ, ಪುಟ್ಟ ಗುಂಡಿಗೆ ಹೋಗಿದ್ದಾನೆ ಅಂದಳು. ನನಗೆ ಯಾರೂ ಅದನ್ನು ತರ್ಜುಮೆ ಮಾಡಬೇಕಿರಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಕಾರು ತಿರುಗಿಸಿದೆ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಕಲಿಪಾ ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

ನಾವು ಹೋಗುವಷ್ಟರಲ್ಲಿ ಸಾಗಿನ್ ದೊಡ್ಡಿಯ ಗೋಡೆಯ ಸಂದಿಗೆ ಬಂದೂಕಿನ ಮೂತಿ ಇಟ್ಟಿದ್ದ. ಕಲಿಪಾ ಕಾರಿನಿಂದ ಇಳಿದು ನೇರ ಹೋಗಿ ಸಂದಿಗೆ ಬೆನ್ನು ಕೊಟ್ಟು ನಿಂತಳು.

"ಅತ್ತಿಗೆ, ಸರಿ ಆಚೆ."

"ಸರೀತೀನಿ. ಒಳಗೆ ಯಾರಿದಾರೆ, ಮೊದ್ಲು ಹೇಳು."

"ತಮಾಷೆ ಬೇಡ."

"ನಾನು ಇಲ್ಲಿಗೆ ಬಂದಾಗ್ಲಿಂದ ಇವ್ರನ್ನ ಏನಂತ ಕರೀತಿದೀನಿ? ನಿಮ್ಮಪ್ಪ ಮೂಲೇಲಿ ಕೂತು ಕೇಳಿ ಓಗೊಡ್ತಿರ್ಲಿಲ್ವಾ? ಅವರು ಇವ್ರ ಕುಲದ ಒಂದನ್ನೂ ಕೊಲ್ಲದೆ ಹೋದ್ರು. ಈಗ ಗೋರಿಯಿಂದ ಎದ್ದು ಬಂದು ಮಗನ ದೊಡ್ಡೀಲಿ ಹೊಟ್ಟೆತುಂಬ ಉಂಡವ್ರೆ ಅನ್ಕೋ. ಹೊಡೀತೀಯಾ? ಹೊಡಿ. ಆಮೇಲೆ ಊರಲ್ಲಿ ಹೇಳ್ತೀನಿ, ನಮ್ಮ ಪುಟ್ಟ ಮಾವನಿಗೆ ಗುಂಡು ಹೊಡೆದ ಅಂತ. ನಂಗೆ ಬೇರೆ ಥರ ಹೇಳೋಕೆ ಬರಲ್ಲ."

ಆ ಮಾತು ಕಣಿವೆಯಲ್ಲಿ ಹೇಗೆ ಓಡಾಡುತ್ತದೆ ಅನ್ನುವುದು ಸಾಗಿನ್‌ಗೆ ಗೊತ್ತಿತ್ತು. ಮೊದಲು ಬೈದ, ಆಮೇಲೆ ಬಂದೂಕು ಕೆಳಗಿಟ್ಟು ತಲೆ ಹಿಡಿದು ಕೂತ. "ಇದ್ದಾಗ್ಲೂ ಹೀಗೇ, ನನ್ನ ಪಾಲೇ ತಿಂತಿದ್ದ" ಅಂದ. ನಾನೂ ಅವನೂ ಸೇರಿ ತೊಲೆ ಎತ್ತಿ, ಬಾಗಿಲು ತೆಗೆದು, ಮೂವರೂ ಕಾರಿನೊಳಗೆ ಹೊಕ್ಕು ಕೂತೆವು. ಹಿಮಚಿರತೆ ಹೊರಬಂದು, ಬೀಗರೂಟ ಮುಗಿಸಿದ ಹಿರಿಯರಂತೆ ಹೊಟ್ಟೆ ಎಳೆದುಕೊಂಡು, ನಮ್ಮ ಕಡೆ ಒಮ್ಮೆಯೂ ನೋಡದೆ ಬೆಟ್ಟ ಹತ್ತಿತು.

ಮಾರನೆಯ ದಿನ ಹೊರಡುವ ಮುಂಚೆ ಸಭೆಯವರೆಲ್ಲ ದೊಡ್ಡಿಗೆ ಬಂದರು. ಬೆಟ್ಟದ ಮಾವ ಅಂದರೆ ಯಾರೆಂದು ನಾನೇ ಮೇರಿಮ್‌ಗೆ ಬಿಡಿಸಿ ಹೇಳಿದ್ದೆ. ಕೆಸರಿನಲ್ಲಿದ್ದ ಹೆಜ್ಜೆ ಅಳೆದರು, ಅಕಿಮನನ್ನು ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ದೇಶದೇಶಗಳ ಸಹಕಾರ ಫಲ ಕೊಟ್ಟಿದೆಯೆಂದು ಅಕಿಮ್ ಅಲ್ಲೇ ಸಣ್ಣ ಭಾಷಣ ಮಾಡಿದ. ಸತ್ತ ಕುರಿಗಳನ್ನು ಫೋಟೋದಿಂದ ಆಚೆ ಎಳೆಯಲು ಸಾಗಿನ್‌ಗೆ ಹೇಳಿದರು.

ಕಲಿಪಾ ಅಲ್ಲಿರಲಿಲ್ಲ. ಮೇರಿಮ್ ಕ್ಷಮೆ ಕೇಳಬೇಕು ಅಂದಳು, ಕರೆದುಕೊಂಡು ಹೋದೆ. ಗೋರಿಗಳ ಹತ್ತಿರ ಸಿಕ್ಕಳು, ಮಾವನ ಕಲ್ಲಿನ ಮುಂದೆ. ಎಣ್ಣೆಯಲ್ಲಿ ಕರಿದ ರೊಟ್ಟಿ ಇಟ್ಟಿದ್ದಳು, ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡಿದ್ದಳು. ನಾವು ಬಂದದ್ದು ಅವಳಿಗೆ ಕೇಳಿಸಲಿಲ್ಲ.

"ತಪ್ಪಾಯ್ತು ಮಾವ" ಅನ್ನುತ್ತಿದ್ದಳು. "ಇಷ್ಟು ವರ್ಷ ಕಾಪಾಡಿದ್ದೆ. ಒಂದೇ ಸಲ ನಿಮ್ಮ ಹೆಸರು ಹಿಡಿದೆ. ಅದನ್ನೂ ಅವರು ಕುಡಿದುಬಿಟ್ರು."