ಸಂಬಳದ ಹಿಂದಿನ ವಾರದ ಉಪವಾಸಗಳು

ನಮ್ಮ ಮನೆಯ ದೇವರುಗಳು ತಿಂಗಳ ಮೊದಲರ್ಧದಲ್ಲಿ ಸೌಮ್ಯರಾಗಿರುತ್ತಿದ್ದರು. ಅತ್ತೆಯವರಿಂದ ಯಾವ ವ್ರತವನ್ನೂ ಬೇಡುತ್ತಿರಲಿಲ್ಲ. ಸಂಬಳ ಕರಗಿ, ಡಬ್ಬಿ ಅಲುಗಾಡಿಸಿದರೆ ಬೇಳೆಗಿಂತ ಸದ್ದೇ ಹೆಚ್ಚಾಗುವ ಹೊತ್ತಿಗೆ ಸೋಮವಾರ, ಗುರುವಾರ, ಸಂಕಷ್ಟಿ ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಈ ಉಪವಾಸಗಳು ಪಂಚಾಂಗವನ್ನಲ್ಲ, ಸಂಬಳವನ್ನು ಅನುಸರಿಸುತ್ತವೆ ಎಂಬುದು ಮದುವೆಯಾದ ಮೊದಲ ವರ್ಷವೇ ನನಗೆ ತಿಳಿಯಿತು. ಅದನ್ನು ಅತ್ತೆಯವರ ಬಾಯಿಂದ ಹೇಳಿಸುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು.

ಧಾರವಾಡದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಬಂದವರಿಗೆ ಮೊದಲು ಬಡಿಸಿ ಆಮೇಲೆ ತಾವು ಉಣ್ಣುವ ಸೀಮೆಯಲ್ಲಿ, ಪಾಠ ಮಾಡುವ ಅತಿಥಿಗೆ ಎಲ್ಲರಿಗಿಂತ ಕೊನೆಗೆ ಹಣ ಬರುತ್ತದೆ. ಪತಿ ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ಗುಮಾಸ್ತರು. ಅವರ ಸಂಬಳ ಅಲ್ಲೇ ಕೇಶ್ವಾಪುರದಲ್ಲಿರುವ ನಮ್ಮ ಮನೆಯ ಬಾಡಿಗೆಗೆ ಮೀಸಲು. ದಿನಸಿ ನನ್ನ ಪಾಲಿನದು. ನನ್ನ ಹಣ ಬಂದ ದಿನವೇ ಜೋಳ ತಂದು ಬೀಸಿಸುತ್ತಿದ್ದೆವು. ಅತ್ತೆ ಮೊದಲ ವಾರದಲ್ಲೇ ತಿಂಗಳಿಗಾಗುವಷ್ಟು ರೊಟ್ಟಿ ಬಡಿದು, ಕಟಕಟ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಗೋಪುರದಂತೆ ಪೇರಿಸಿಡುತ್ತಿದ್ದರು. ಆ ಗೋಪುರ ಕುಸಿಯುತ್ತ ಬಂದಂತೆ ಅವರ ಭಕ್ತಿ ಏರುತ್ತಿತ್ತು.

ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಬೆಳಗಿನ ಗುಳಿಗೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಡಬಾರದೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಹಿಂದೊಂದು ಸಂಕಷ್ಟಿಯಂದು ಅಡುಗೆಮನೆಯ ನಲ್ಲಿಯ ಬಳಿ ಕಣ್ಣು ಕತ್ತಲಿಟ್ಟು ಕುಸಿದು ಕೂತಿದ್ದರು. ಅಂದಿನಿಂದ ತಿಂಗಳ ಕೊನೆ ಬಂದರೆ ನನಗೆ ಬಸ್ಸಿನಲ್ಲೂ ತರಗತಿಯಲ್ಲೂ ಅಡುಗೆಮನೆಯ ನೆಲವೇ ಕಾಣುತ್ತಿತ್ತು. ಪಾಠದ ನಡುವೆ ಹೊರಗೆ ಬಂದು ಫೋನ್ ಮಾಡುತ್ತಿದ್ದೆ. ಅವರು ಎತ್ತದಿದ್ದರೆ ಮುಂದಿನ ವಾಕ್ಯ ಮರೆತೇಹೋಗುತ್ತಿತ್ತು.

ದುಡಿದವರಿಗೆ ಸಕಾಲಕ್ಕೆ ಸಂಬಳ ಕೊಡದಿರುವುದು ಅನ್ಯಾಯ. ಆ ಅನ್ಯಾಯದ ಭಾರವೆಲ್ಲ ಮನೆಯ ಹಿರಿಯ ಹೆಂಗಸಿನ ಹೊಟ್ಟೆಯ ಮೇಲೆ ಬೀಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಅದಕ್ಕೆ ವ್ರತವೆಂದು ಹೆಸರಿಟ್ಟು ಉಳಿದವರು ನೆಮ್ಮದಿಯಾಗಿ ಉಣ್ಣುವುದನ್ನು ಏನೆಂದು ಕರೆಯಬೇಕೋ ಇಂದಿಗೂ ತಿಳಿಯದು. ಇದನ್ನೆಲ್ಲ ನಾನು ಅತ್ತೆಯವರ ಎದುರು ಹೇಳದೆ ಬಿಟ್ಟವಳಲ್ಲ.

"ಇದು ಉಪಾಸ ಅಲ್ರಿ ಅತ್ತಿ, ಶೋಷಣೆರಿ."

"ಶೋಷಣಿ ಅಂದ್ರ ಏನೋ ನನಗ ಗೊತ್ತಿಲ್ಲವಾ. ಬಾಳ ಮಾತಾಡಿದ್ರ ಹಸಿವು ಹೆಚ್ಚಾಗ್ತೈತಿ. ಸುಮ್ನ ಉಣ್ಣು."

ಅಂಥದೊಂದು ತಿಂಗಳ ಕೊನೆಯ ಗುರುವಾರ ಕಾಲೇಜಿನ ಗುಮಾಸ್ತರು, "ಈ ವಾರಾನೂ ಆಗಂಗಿಲ್ರಿ ಮೇಡಂ, ಬಿಲ್ಲು ಮ್ಯಾಲಿಂದ ಬಂದಿಲ್ಲ" ಎಂದರು. ಸಂಜೆ ಮನೆ ಸೇರಿದಾಗ ಅತ್ತೆ ಗೋಡೆಗೊರಗಿ ಕೂತಿದ್ದರು. ಬೆಳಗಿನಿಂದ ನೀರಲ್ಲದೆ ಏನೂ ಮುಟ್ಟಿರಲಿಲ್ಲ. ನನ್ನ ಬೆನ್ನಿಗೇ ಪತಿ ಬಂದರು. ಕೈಯಲ್ಲಿ ಉಪವಾಸದ ಖಿಚಡಿಗಾಗುವ ಸಾಬುದಾಣಿಯೆಂಬ ಸಬ್ಬಕ್ಕಿ, ಶೇಂಗಾ, ತುಪ್ಪ, ಒಂದು ಚಿಪ್ಪು ಬಾಳೆಹಣ್ಣು.

"ಅವ್ವ ಉಪಾಸ ಅದಾಳ, ಖಿಚಡಿನರ ತಿನ್ಲಿ ಅಂತ ತಂದೆ."

ತಂದದ್ದು, ಸಂಬಳ ಬರುವವರೆಗೆ ಎಣ್ಣೆಗೂ ಕಾಯಿಪಲ್ಲೆಗೂ ಎಂದು ತೆಗೆದಿಟ್ಟಿದ್ದ ಹಣದಲ್ಲಿ. ಎಷ್ಟಾಯಿತೆಂದು ಅತ್ತೆ ಕೇಳಿದರು. ಪತಿ ತಗ್ಗಿದ ದನಿಯಲ್ಲಿ ಹೇಳಿದರು.

"ಏ ಹುಚ್ಚಪ್ಪ! ನನ್ನ ಉಪಾಸ ಊಟಕ್ಕಿಂತ ತುಟ್ಟಿ ಮಾಡಿಟ್ಟಿ ಅಲ್ಲೋ! ನಾಕು ರೊಟ್ಟಿ ಉಳೀಲಿ ಅಂತ ನಾ ಹೊಟ್ಟಿ ಕಟ್ಟಿದ್ರ, ನೀ ಚೀಲ ತುಂಬ್ಕೊಂಡು ಬಂದಿ!"

ಹೇಳಿದ ಮೇಲೆ ತಾವೇ ಬೆಚ್ಚಿದರು.

"ಉಳೀಲಿ ಅಂತನಾ?" ಪತಿ ಬಾಳೆಹಣ್ಣು ಹಿಡಿದುಕೊಂಡೇ ನಿಂತಿದ್ದರು. "ದೇವ್ರಿಗೆ ಅಲ್ಲನ ಅವ್ವಾ?"

ಅತ್ತೆ ಎದ್ದು ಒಲೆಯ ಬಳಿ ಹೋಗಿ, ನೆಟ್ಟಗೇ ಇದ್ದ ಪಾತ್ರೆಯೊಂದನ್ನು ನೆಟ್ಟಗೆ ಮಾಡಿದರು. ನನ್ನ ವಾದವನ್ನು ಅವರೇ ಒಪ್ಪಿಕೊಂಡಂತಾಗಿತ್ತು. ಆದರೆ ಒಲೆಯತ್ತ ತಿರುಗಿದ ಆ ಬೆನ್ನಿನ ಎದುರು ಗೆಲುವೆಂಬುದು ನೆನಪಿಗೂ ಬರಲಿಲ್ಲ.

"ಸಾಬುದಾಣಿ, ಬಾಳಿಹಣ್ಣು ಎರಡೂ ನಿಮ್ಮ ಸಕ್ಕರಿಗೆ ನಡಿಯಂಗಿಲ್ರಿ," ಎಂದೆ. "ಅವನ್ನ ನಾವು ತಿಂತೀವಿ. ನೀವು ರೊಟ್ಟಿ ತಿನ್ರಿ."

"ಉಪಾಸ ಇದ್ದಾಕಿ ರೊಟ್ಟಿ ತಿನ್ನೂದು, ಉಣ್ಣೋರು ಖಿಚಡಿ ತಿನ್ನೂದು! ಯಾವ ಶಾಸ್ತ್ರ ಇದು?"

"ನಿಮ್ಮ ಮಗ ಪ್ಯಾಟಿಯಿಂದ ತಂದ ಶಾಸ್ತ್ರರಿ."

"ದೇವ್ರು ಕೇಳಿದ್ರ?"

"ನನ್ನ ಪಗಾರ ಎಲ್ಲೈತಿ ಅಂತ ಮೊದ್ಲು ನಾನ ಅವ್ರನ್ನ ಕೇಳ್ತೇನಿ."

ಅತ್ತೆ ನಗು ತಡೆಯಲಾರದೆ ಕುಳಿತರು. ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದು, ಉಳಿದರ್ಧವನ್ನು ಬಟ್ಟೆಯೊಳಗೆ ಸೇರಿಸಿದರು. ಪತಿ ಅದನ್ನು ಹೊರತೆಗೆದು ಮತ್ತೆ ಅವರ ತಾಟಿಗಿಟ್ಟರು. ನಾನು ಖಿಚಡಿ ಮಾಡಿ ಪಕ್ಕದಲ್ಲೇ ಕೂತೆ. ಅದು ಗಂಟಲಿಗಿಳಿಯುವಷ್ಟು ಹೊತ್ತೂ ನನ್ನ ಮನಸ್ಸು ಮುಂದಿನ ವಾರದಲ್ಲೇ ಇತ್ತು: ಬಿಲ್ಲು ಎಂದು ಬಂದೀತು, ಅಲ್ಲಿಯವರೆಗೆ ಇನ್ನಾವ ದೇವರು ಎಚ್ಚರಾದಾರು.

"ನಾಳೆ ಉಪಾಸ ಇಲ್ಲಲ್ರಿ?" ಎಂದು ಕೇಳಿಯೇ ಬಿಟ್ಟೆ.

"ಉಪಾಸಾನೂ ಇಲ್ಲ, ಎಣ್ಣಿನೂ ಇಲ್ಲ," ಎನ್ನುತ್ತ ಅತ್ತೆ ಇನ್ನೊಂದು ರೊಟ್ಟಿಗೆ ತಾವೇ ಕೈಚಾಚಿದರು.