ಶೆಟ್ಟರಿಗೆ ಸುಮ್ಮನೆ ಕೂರುವ ಪಾಠ

ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದ ನಾನು ಈಗ ಭಾನುವಾರ ಸಂಜೆ ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಅಪ್ಪ ಅಮ್ಮಂದಿರಿಗೆ ಪಾಠ ಮಾಡುತ್ತೇನೆ. ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂದಿದೆಯಲ್ಲ, ಮಕ್ಕಳನ್ನು ಅದಕ್ಕೆ ತಯಾರು ಮಾಡುವುದು ಹೇಗೆಂದು ಹೇಳಿಕೊಡಬೇಕಂತೆ. ಮಕ್ಕಳ ಪಾಠವೇ ಸುಲಭವಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಗಲಾಟೆ ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸಬಹುದಿತ್ತು. ಐವತ್ತು ದಾಟಿದ ಶೆಟ್ಟರನ್ನು ಸೋಫಾದ ಮೇಲೆ ನಿಲ್ಲಿಸುವುದು ಹೇಗೆ? ಅದರ ಒಂದು ಕಾಲು ಮೊದಲೇ ಅಲ್ಲಾಡುತ್ತದೆ.

ಶೆಟ್ಟರೆಂದರೆ ಜಯಕರ ಶೆಟ್ಟರು. ಕೊಟ್ಟಾರದಲ್ಲಿ ಅವರದೊಂದು ಹೋಟೆಲು; ಬೆಳಗ್ಗಿನ ಬನ್ಸ್‌ಗೆ ಜನ ಕಾದು ನಿಲ್ಲುತ್ತಾರೆ. ಕ್ಯಾಶ್ ಕೌಂಟರಿನಲ್ಲಿ ಕುಳಿತೇ ಅವರು ಎಲ್ಲ ಮೇಜುಗಳನ್ನೂ ನೋಡಿಕೊಳ್ಳುತ್ತಾರೆ. ಯಾರ ಕೈ ತಟ್ಟೆಯ ಮೇಲೆ ನಿಂತಿತೋ ಅಲ್ಲಿಗೆ "ಮತ್ತೆ ಎಂತ?" ಎಂಬ ಪ್ರಶ್ನೆ ಹೋಗುತ್ತದೆ. ಇನ್ನೇನಾದರೂ ಹೇಳಿ, ಇಲ್ಲವೇ ಏಳಿ ಎಂದರ್ಥ. ಹೋಟೆಲಿಗೆ ಇದು ಒಳ್ಳೆಯ ಪದ್ಧತಿಯೇ. ಶೆಟ್ಟರು ಅದನ್ನು ಮನೆಗೂ ತಂದರು. ಮಗಳು ಸಾನ್ವಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವಾಗ ಅವಳ ಪೆನ್ನು ನಿಂತ ಕೂಡಲೇ "ಮತ್ತೆ ಎಂತ?" ಎನ್ನುತ್ತಿದ್ದರು. ಯೋಚಿಸುವವರ ಪೆನ್ನು ನಿಲ್ಲುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸಾನ್ವಿ ಅರ್ಧ ಪತ್ರಿಕೆ ಖಾಲಿ ಬಿಟ್ಟು ಬಂದಳು. ಒಬ್ಬಳೇ ಸಿಕ್ಕಾಗ ಕೇಳಿದೆ.

"ಲೆಕ್ಕ ಗೊತ್ತಿತ್ತು ಟೀಚರ್. ಯೋಚನೆ ಮಾಡ್ಲಿಕ್ಕೆ ನಿಲ್ಲಿಸಿದ್ರೆ ಪಪ್ಪನ ಸ್ವರ ಕೇಳ್ತದೆ. ಅಲ್ಲಿ ಪಪ್ಪ ಇಲ್ಲ, ಆದ್ರೂ ಕೇಳ್ತದೆ."

ನನ್ನ ಸ್ವರ ಹೀಗೆ ಎಷ್ಟು ಮಕ್ಕಳಿಗೆ ಕೇಳಿಸಿರಬಹುದೆಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟೆ.

ನನ್ನ ತಂದೆ ದೇವಸ್ಥಾನದ ಅರ್ಚಕರು. ಹುಡುಗರಿಗೆ ಮಂತ್ರ ಹೇಳಿಕೊಡುವಾಗ ಅವರು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳಬೇಕಿತ್ತು. ವೇದಪಾಠದ ಹಳೆಯ ಕ್ರಮ ಅದು. ಬಾಯಿಪಾಠವೆಂದು ನಾವೆಲ್ಲ ನಗುತ್ತೇವೆ. ಆದರೆ ಆ ಲೆಕ್ಕದಲ್ಲಿ ಗುರುವಿನ ಪಾಲಿಗೆ ಮಾತಿನ ಎರಡರಷ್ಟು ಮೌನ ಬರುತ್ತದೆ. ಬಿ.ಎಡ್. ಓದಿದ ನನಗೆ ಇದು ತಿಳಿದದ್ದು ನಿವೃತ್ತಿಯ ನಂತರ.

ಶೆಟ್ಟರಿಗೆ ಸಾನ್ವಿ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಾನು ಒಂದು ದಿನವೂ ಬೈದವನಲ್ಲ ಟೀಚರೇ."

"ಬೈದಿಲ್ಲ. ದಿನಕ್ಕೆ ಅರ್ಧ ಗಂಟೆ ಅವಳ ಹತ್ತಿರ ಸುಮ್ಮನೆ ಕೂತುಕೊಳ್ಳಿ. ಎಂತದೂ ಕೇಳ್ಬೇಡಿ."

"ಸುಮ್ಮನೆ ಕೂತು ಎಂತ ಮಾಡುದು ಮಾರಾಯ್ರೆ? ನನಗೆ ಅಭ್ಯಾಸವೇ ಇಲ್ಲ."

ಕೈಗೊಂದು ಕೆಲಸ ಇಟ್ಟುಕೊಳ್ಳಿ ಎಂದೆ. ಅವರು ಪಾರ್ಸೆಲಿನ ಬಾಳೆಲೆಯ ಕಟ್ಟನ್ನು ಹೋಟೆಲಿನಿಂದ ಮನೆಗೆ ತಂದರು.

ಶನಿವಾರ ಸಂಜೆ ಹೇಗಾಗುತ್ತಿದೆ ನೋಡೋಣವೆಂದು ಅವರ ಮನೆಗೆ ಹೋದೆ. ಮೇಜಿನ ಒಂದು ಬದಿಯಲ್ಲಿ ಸಾನ್ವಿ ಬರೆಯುತ್ತಿದ್ದಳು. ಇನ್ನೊಂದು ಬದಿಯಲ್ಲಿ ಶೆಟ್ಟರು ಎಲೆ ಒರೆಸಿ, ಅಳತೆಗೆ ಹರಿದು ಒಂದರ ಮೇಲೊಂದು ಇಡುತ್ತಿದ್ದರು. ಸಾನ್ವಿಯ ಪೆನ್ನು ನಿಂತಿತು. ಶೆಟ್ಟರ ಕೈಯೂ ನಿಂತಿತು. ಬಾಯಿ ತೆರೆದವರು ಹಾಗೆಯೇ ಮುಚ್ಚಿ, ಒರೆಸಿದ್ದ ಎಲೆಯನ್ನೇ ಮತ್ತೊಮ್ಮೆ ಒರೆಸಿದರು. ಪಾಪ, ಬೆವರುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಪೆನ್ನು ತಾನಾಗಿ ಮುಂದೆ ಹೋಯಿತು.

ಕೊನೆಯ ಪ್ರಶ್ನೆಗೆ ಬಂದಾಗ ಸಾನ್ವಿ ಬಹಳ ಹೊತ್ತು ಕುಳಿತಳು. ಆಮೇಲೆ ಪತ್ರಿಕೆಯನ್ನು ಅಪ್ಪನ ಕಡೆಗೆ ಸರಿಸಿದಳು.

"ಪಪ್ಪ, ಇದು ನನಗೆ ಗೊತ್ತಾಗುದಿಲ್ಲ."

ಅವಳು ಅಪ್ಪನಲ್ಲಿ ಹೀಗೆ ಹೇಳಿದ್ದು ಅದೇ ಮೊದಲು ಎಂದು ಅವಳ ತಾಯಿ ನನ್ನ ಕಿವಿಯಲ್ಲಿ ಹೇಳಿದರು. ಶೆಟ್ಟರು ಕೈ ಒರೆಸಿಕೊಂಡು ಕನ್ನಡಕ ಹಾಕಿದರು. ತ್ರಾಪಿಜ್ಯದ ವಿಸ್ತೀರ್ಣ. ಎರಡು ಸಲ ಓದಿದರು.

"ನನಗೂ ಗೊತ್ತಿಲ್ಲ ಮಗಾ. ಒಟ್ಟಿಗೆ ನೋಡುವ."

ಅಪ್ಪ ಮಗಳು ತಲೆಗೆ ತಲೆ ಕೊಟ್ಟು ಚಿತ್ರ ಬರೆಯತೊಡಗಿದರು. ಎಳೆದ ಮೊದಲ ಗೆರೆಯೇ ತಪ್ಪು. ಮೂವತ್ತು ವರ್ಷ ಇದೇ ಲೆಕ್ಕ ಮಾಡಿಸಿದವಳು ನಾನು. ಸರಿಯುತ್ತರ ಹಲ್ಲಿನ ತನಕ ಬಂದು ನಿಂತಿತ್ತು. ಎದ್ದು ಅಡುಗೆಮನೆಗೆ ಹೋಗಿ ನೀರು ಕೇಳಿ ಎರಡು ಲೋಟ ಕುಡಿದೆ. ಬಾಯಾರಿಕೆಯೇನೂ ಇರಲಿಲ್ಲ.