ಖಮೀಸಿನ ಲ್ಯಾಟಿನ್ ಬಾಯಮ್ಮ

ಬಾಯಮ್ಮನ ಬಲಗೈಯ ತೋರುಬೆರಳು ಸದಾ ಒದ್ದೆಯಾಗಿರುತ್ತಿತ್ತು. ಮಾತಾಡುತ್ತ ಮಾತಾಡುತ್ತ ಅದನ್ನು ನೀರಿನ ಲೋಟಕ್ಕೆ ಅದ್ದಿ ಅಡುಗೆಮನೆಯ ಕಪ್ಪು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಖಮೀಸ್ ಮುಶೈತ್ ಅರಬ್ಬರ ನಾಡಿನಲ್ಲಿ ಬೆಟ್ಟದ ಮೇಲಿನ ಊರು, ಅಲ್ಲಿಯದು ಒಣಗಾಳಿ. ಶಬ್ದದ ಕೊನೆಗೆ ಬರುವಷ್ಟರಲ್ಲಿ ಮೊದಲ ಅಕ್ಷರ ಆರಿಹೋಗಿರುತ್ತಿತ್ತು. ವರ್ಷಗಟ್ಟಲೆ ಚಾಕ್‌ಪೀಸು ಹಿಡಿದು ಆ ಬೆರಳಿನ ತುದಿ ಬಿರಿದಿತ್ತು. ಚಳಿಗಾಲದಲ್ಲಿ ಅದಕ್ಕೆ ತೆಂಗಿನೆಣ್ಣೆ ಸವರಿಕೊಂಡೇ ಬರೆಯುತ್ತಿದ್ದರು.

ನಮ್ಮ ಕರಾವಳಿಯಲ್ಲಿ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಇವರು ನಮ್ಮ ಮೇಲಿನ ಮನೆಯವರು. ಗಂಡ ಪಕ್ಕದ ಪಟ್ಟಣ ಅಭಾದ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದರು. ಇವರು ಭಾರತೀಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಆದರೆ ಇಂಗ್ಲಿಷ್ ಅವರ ವಿಷಯವಲ್ಲ. ಮಂಗಳೂರಿನ ಕಾಲೇಜಿನಲ್ಲಿ ಅವರು ಲ್ಯಾಟಿನ್ ಲೆಕ್ಚರರ್ ಆಗಿದ್ದವರು. ವರ್ಷ ವರ್ಷ ಹುಡುಗರು ಕಡಿಮೆಯಾಗುತ್ತ ಬಂದು, ಕೊನೆಗೆ ಎದುರಿನ ಬೆಂಚಿನಲ್ಲಿ ಒಬ್ಬಳೇ ಹುಡುಗಿ ಉಳಿದಳಂತೆ. ಅವಳು ಪಾಸಾದ ಮೇಲೆ ಆ ವಿಭಾಗ ಮುಚ್ಚಿತು. ಬಾಯಮ್ಮ ಗಂಡನ ಹಿಂದೆ ವಿಮಾನ ಹತ್ತಿದರು. ಬೇರೆ ಧರ್ಮದ ಪುಸ್ತಕ ತರಬಾರದ ಆ ದೇಶದಲ್ಲಿ, ಲ್ಯಾಟಿನ್ ಎಂದರೆ ಇಗರ್ಜಿಯ ಭಾಷೆ ಎಂದು ಯಾರಾದರೂ ತಪ್ಪು ತಿಳಿದರೆ ಏರ್‌ಪೋರ್ಟಿನಲ್ಲಿ ತೊಂದರೆಯಾದೀತೆಂಬ ಭಯಕ್ಕೆ ಪುಸ್ತಕಗಳನ್ನೆಲ್ಲ ಊರಲ್ಲೇ ಬಿಟ್ಟು ಬಂದಿದ್ದರು. ನನ್ನ ಹತ್ತಿರ ಲ್ಯಾಟಿನ್ ಹೇಳುವಾಗಲೂ ಅಡುಗೆಮನೆಯ ಕಿಟಕಿ ಮುಚ್ಚಿ, ದನಿ ತಗ್ಗಿಸಿಯೇ ಹೇಳುವುದು.

“ಇದು ಕ್ರಿಸ್ತ ಹುಟ್ಟುದಕ್ಕಿಂತ ಎಷ್ಟೋ ಮೊದಲಿನ ಭಾಷೆ ಮಾರಾಯ್ತಿ, ಕುರಿ ಕಾಯುವವರದ್ದು. ಆದ್ರೆ ಅದನ್ನು ಯಾರಿಗೆ ಹೇಳುದು?” ಎನ್ನುತ್ತಿದ್ದರು.

ಅವರ ಅಡುಗೆಮನೆಗೆ ನಾನು ಹೋಗತೊಡಗಿದ್ದು ಲ್ಯಾಟಿನ್ ಕಲಿಯಲಿಕ್ಕಲ್ಲ. ಮೂರು ತುಂಬಿದ್ದ ನನ್ನ ಮಗಳು ಮಾತಾಡುತ್ತಿರಲಿಲ್ಲ. ಎರಡು ವರ್ಷದವಳಿದ್ದಾಗ ಅಮ್ಮ, ನೀರು, ಬೆಕ್ಕು ಎಂದು ಏನೇನೋ ಅಂದಿದ್ದಳು. ಮತ್ತೆ ಒಂದೊಂದಾಗಿ ಅವೂ ನಿಂತವು. ಕಿವಿ ಸರಿಯಿದೆ ಎಂದರು. ಅಭಾದಲ್ಲಿ ಒಬ್ಬ ಡಾಕ್ಟರು ನಮ್ಮ ಮನೆಯ ಭಾಷೆಗಳನ್ನು ವಿಚಾರಿಸಿದರು. ನಾವಿಬ್ಬರು ತುಳು, ಎದುರು ಮನೆಯವರು ಉರ್ದು, ಅಂಗಡಿಯಲ್ಲಿ ಅರಬ್ಬಿ, ಟೀವಿಯಲ್ಲಿ ಇಂಗ್ಲಿಷ್. ಅವರು ತಲೆಯಾಡಿಸಿ, ಮಗುವಿಗೆ ಗೊಂದಲವಾಗಿದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂದರು.

ನನ್ನ ಗಂಡ ಎ.ಸಿ. ರಿಪೇರಿಯ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಕೆಟ್ಟವರಲ್ಲ, ಹೆದರಿದವರು. ಮನೆಗೆ ಬಂದವರೇ, “ಇನ್ನು ತುಳು ಬೇಡ. ಒಂದು ಶಬ್ದವೂ ಬೇಡ. ಸ್ಕೂಲಿನವರು ಸೇರಿಸಿಕೊಳ್ಳದಿದ್ದರೆ ನಿಮ್ಮಿಬ್ಬರನ್ನು ಊರಿಗೆ ಕಳಿಸದೆ ಬೇರೆ ದಾರಿಯಿಲ್ಲ” ಎಂದರು.

ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನನ್ನ ಇಂಗ್ಲಿಷ್ ಎಷ್ಟರದು? ಈಟ್, ಕಮ್, ಸ್ಲೀಪ್, ನೋ. ಅಷ್ಟು ಹೇಳಿ ಮುಗಿದರೆ ನನಗೆ ಮುಂದೆ ಮಾತಿಲ್ಲ. ಸ್ನಾನ ಮಾಡಿಸುವಾಗ ಸುಮ್ಮನೆ ನೀರು ಹೊಯ್ಯುವುದು, ಅನ್ನ ಕೊಡುವಾಗ ಸುಮ್ಮನೆ ತುತ್ತು ಇಡುವುದು. ಮಗಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೆಲವು ವಾರಗಳಲ್ಲಿ ನಮ್ಮ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯಿತು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬಾಯಮ್ಮ ನಮ್ಮನ್ನು ಕಂಡರು. ಮಗಳು ಚಪ್ಪಲಿ ಹಾಕಲೊಲ್ಲದೆ ಕಾಲು ಜಾಡಿಸುತ್ತಿದ್ದಳು. ನಾನು “ನೋ, ನೋ” ಎನ್ನುತ್ತಿದ್ದೆ.

“ನೀನು ಅವಳ ಹತ್ರ ಜಗಳ ಮಾಡುದು ಯಾವ ಭಾಷೆಯಲ್ಲಿ?” ಎಂದು ಕೇಳಿದರು.

“ಜಗಳ ಮಾಡುದೇ ಇಲ್ಲ ಬಾಯಮ್ಮ. ಇಂಗ್ಲಿಷಿನಲ್ಲಿ ನನಗೆ ಬರುದಿಲ್ಲ.”

“ಮತ್ತೆ ಮುದ್ದು ಮಾಡುದು?”

ನನಗೆ ಅಳು ಬಂತು. ಅವರು ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ಮಗಳನ್ನು ಬರಿಗಾಲಲ್ಲೇ ಮೇಲೆ ಕರೆದುಕೊಂಡು ಹೋದರು.

ಅವರ ಮನೆಮಾತು ಕೊಂಕಣಿ, ನನ್ನದು ತುಳು. ತಮ್ಮ ತುಳು ಮೀನು ಮಾರ್ಕೆಟಿನದ್ದು ಎಂದು ಅವರಿಗೆ ನಾಚಿಕೆ, ಹಾಗಾಗಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಆ ದಿನ ಅವರು ನನಗೆ ಸಮಾಧಾನದ ಮಾತೇನೂ ಹೇಳಲಿಲ್ಲ. ಟೈಬರ್ ಎಂಬ ಹೊಳೆಯ ಬಗ್ಗೆ ಹೇಳಿದರು. ಅದರ ದಡದಲ್ಲಿ ಕೆಸರು, ಪಕ್ಕದಲ್ಲಿ ಸಣ್ಣ ಸಣ್ಣ ಗುಡ್ಡಗಳು, ಗುಡ್ಡದ ಮೇಲೆ ಮಣ್ಣು ಮೆತ್ತಿದ ಗುಡಿಸಲುಗಳು, ಅದೇ ಮುಂದೆ ರೋಮ್ ಆದದ್ದು. ಅಲ್ಲಿದ್ದವರು ಕುರಿ ಮೇಯಿಸುವವರು. ಸುತ್ತಲಿನ ಬಯಲಿಗೆ ಲಾಟಿಯಂ ಎಂದು ಹೆಸರು, ಅದರಿಂದಲೇ ಅವರ ಭಾಷೆಗೆ ಲ್ಯಾಟಿನ್ ಎಂದಾಯಿತು.

“ನಮ್ಮ ಒಂದು ತಾಲೂಕಿನಷ್ಟೂ ಇರ್ಲಿಲ್ಲ. ಬಡಗು ದಿಕ್ಕಿಗೆ ಎಟ್ರುಸ್ಕನರು. ಶ್ರೀಮಂತರು, ಚಿನ್ನದ ಕೆಲಸದವರು, ಅವರ ಭಾಷೆಗೂ ಇವರದ್ದಕ್ಕೂ ಸಂಬಂಧವೇ ಇಲ್ಲ. ತೆಂಕಿಗೆ ಗ್ರೀಕರು. ಗುಡ್ಡದಾಚೆ ಸಬೈನರು. ಇವರಿಗೆ ಸ್ವಂತ ಲಿಪಿ ಕೂಡ ಇಲ್ಲ. ನಿನ್ನ ತುಳುವಿಗೂ ನನ್ನ ಕೊಂಕಣಿಗೂ ಕನ್ನಡದ ಅಕ್ಷರ ತಕೊಂಡ ಹಾಗೆ ಎಟ್ರುಸ್ಕನರ ಅಕ್ಷರ ತಕೊಂಡ್ರು. ಅವರು ಗ್ರೀಕರಿಂದ ತಕೊಂಡದ್ದು, ಗ್ರೀಕರು ಈ ಅರಬ್ಬಿಯ ಹಳೇ ನೆಂಟರಿಂದ. ಕೆಳಗೆ ಬಕಾಲ ಅಂಗಡಿಯ ಬೋರ್ಡಿನಲ್ಲಿ ಅಲಿಫ್ ಅಕ್ಷರ ಉಂಟಲ್ಲ? ನಮ್ಮ ಇಂಗ್ಲಿಷಿನ ‘ಎ’ ಅದರ ದಾಯಾದಿ.”

ಎಟ್ರುಸ್ಕನರಿಗೆ ‘ಗ’ಕಾರ ಬೇಡವಾಗಿತ್ತಂತೆ. ಹಾಗಾಗಿ ಲ್ಯಾಟಿನ್ನಿನವರು ಬಹಳ ಕಾಲ ‘ಕ’ಕ್ಕೂ ‘ಗ’ಕ್ಕೂ ಒಂದೇ ‘ಸಿ’ ಬರೆದರಂತೆ. ಆಮೇಲೆ ಯಾರೋ ಅದಕ್ಕೊಂದು ಗೀಟು ಎಳೆದು ‘ಜಿ’ ಮಾಡಿದರು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಶಾಲೆ ನಡೆಸುತ್ತಿದ್ದ ಒಬ್ಬ ಮೇಷ್ಟ್ರು ಅದನ್ನು ಮಾಡಿದ್ದು ಎಂದು ಹೇಳುತ್ತಾರೆ. ಇದನ್ನು ಹೇಳುವಾಗ ಬಾಯಮ್ಮ ಒದ್ದೆ ಬೆರಳಲ್ಲಿ ಆ ಗೀಟು ಎಳೆದು, ಮಗಳ ಕಡೆ ನೋಡಿ ಹುಬ್ಬು ಹಾರಿಸಿದರು. ಮಗಳು ತನ್ನ ಬೆರಳನ್ನೂ ಲೋಟಕ್ಕೆ ಅದ್ದಿದಳು.

ಇನ್ನೊಂದು ದಿನ ಸಬೈನ್ ಹೆಂಗಸರ ಕತೆ ಹೇಳಿದರು. ರೋಮಿನ ಗುಡಿಸಲುಗಳ ಗಂಡಸರಿಗೆ ಹೆಣ್ಣು ಕೊಡುವವರಿರಲಿಲ್ಲ. ನೆರೆಯ ಗುಡ್ಡದ ಹುಡುಗಿಯರನ್ನು ಹೊತ್ತು ತಂದರು ಎಂಬುದು ಅವರ ಪುರಾಣ.

“ಆ ಹೆಂಗಸರು ಮಕ್ಕಳ ಹತ್ರ ಯಾವ ಭಾಷೆಯಲ್ಲಿ ಮಾತಾಡಿರ್ಬಹುದು ಹೇಳು? ಪುರಾಣ ಅದನ್ನು ಹೇಳುದಿಲ್ಲ, ಶಬ್ದಗಳು ಹೇಳ್ತವೆ. ಹಾಲಿಗೆ ರೋಮಿನವರದ್ದೇ ಶಬ್ದ, ಲಾಕ್. ಹಾಲು ಕೊಡುವ ದನಕ್ಕೆ ಬೋಸ್, ಅದು ಗುಡ್ಡದ ಕಡೆಯವರ ಉಚ್ಚಾರ. ತೋಳಕ್ಕೆ ಲೂಪುಸ್, ಅದೂ ಹಾಗೇ. ರೋಮ್ ಕಟ್ಟಿದವರಿಗೆ ತೋಳ ಹಾಲು ಕೊಟ್ಟಿತು ಅಂತಾರಲ್ಲ, ಆ ತೋಳದ ಹೆಸರೇ ಅವರದ್ದಲ್ಲ! ಎರಡು ಮೂರು ಭಾಷೆ ಕೇಳಿದ ಮಕ್ಕಳೇ ಆ ಭಾಷೆ ಕಟ್ಟಿದ್ದು. ಗೊಂದಲವಾಗಿ ಯಾರ ನಾಲಿಗೆಯೂ ಬಿದ್ದುಹೋಗ್ಲಿಲ್ಲ.”

“ಹಾಗಾದ್ರೆ ಎಟ್ರುಸ್ಕನರ ಭಾಷೆ ಎಲ್ಲಿ ಹೋಯ್ತು?” ಎಂದು ಕೇಳಿದೆ.

ಅವರು ಒಲೆಯ ಮೇಲಿನ ಚಹಾ ಇಳಿಸಿದರು. “ಸತ್ತಿತು. ಅವರನ್ನು ಸೋಲಿಸಿದ್ದು ರೋಮ್, ಭಾಷೆ ನಿಂತದ್ದು ಮಾತ್ರ ಮನೆಯಲ್ಲಿ. ಮಕ್ಕಳು ರೋಮಿನಲ್ಲಿ ಉದ್ಧಾರ ಆಗ್ಲಿ ಅಂತ ತಾಯಂದಿರು ಲ್ಯಾಟಿನ್ ಮಾತಾಡಿದ್ರು. ನನ್ನ ಲ್ಯಾಟಿನ್ ಏನು ಪಾಪದ್ದಲ್ಲ ಮಗಾ. ಎಷ್ಟೋ ಭಾಷೆಗಳನ್ನು ತಿಂದದ್ದು ಅದು.”

ಆ ದಿನದಿಂದ, ಗಂಡ ಕೆಲಸಕ್ಕೆ ಹೋದ ಮೇಲೆ, ನಾನು ಮಗಳ ಹತ್ತಿರ ತುಳು ಮಾತಾಡತೊಡಗಿದೆ. ಸಂತೋಷದಿಂದಲ್ಲ, ಹೆದರುತ್ತ. ಡಾಕ್ಟರು ಓದಿದವರು. ಬಾಯಮ್ಮ ಸತ್ತ ಭಾಷೆಯ ಮೇಷ್ಟ್ರು. ನಾನು ತಪ್ಪು ಮಾಡುತ್ತಿದ್ದರೆ ಮಗಳ ಬಾಳು ಹಾಳು. ತುಳುವಿನಲ್ಲಿ ಒಂದು ಮಾತು ಆಡಿ ಅವಳ ಮುಖ ನೋಡುವುದು, ಏನೂ ಇಲ್ಲ. ಮತ್ತೊಂದು ಮಾತು, ಏನೂ ಇಲ್ಲ.

ಅಷ್ಟರಲ್ಲಿ ಕುವೈತಿನ ಯುದ್ಧ ಶುರುವಾಯಿತು. ನಮ್ಮ ಊರಿನ ಹೊರಗೆ ವಾಯುನೆಲೆ. ವಿಮಾನ ಹಾರಿದರೆ ಕಪಾಟಿನ ಗಾಜುಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ವಿಷಗಾಳಿಯ ಮಾತು ಕೇಳಿ ಎಲ್ಲರೂ ಕಿಟಕಿಯ ಸಂದಿಗೆ ಟೇಪು ಅಂಟಿಸಿದರು. ಪಾಸ್‌ಪೋರ್ಟು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಬಳಿ, ವಿಮಾನದ ಟಿಕೇಟು ಯಾರ ಬಳಿಯೂ ಇಲ್ಲ. ಸದ್ದಾದಾಗ ಮಗಳು ಬಾಯಿ ತೆರೆಯುತ್ತಿದ್ದಳು, ಆದರೆ ದನಿ ಹೊರಡುತ್ತಿರಲಿಲ್ಲ. ದನಿಯಿಲ್ಲದ ಆ ತೆರೆದ ಬಾಯಿಯನ್ನು ನೋಡುವುದಕ್ಕಿಂತ ವಿಮಾನವೇ ವಾಸಿ ಎನಿಸುತ್ತಿತ್ತು.

ಒಮ್ಮೆ ಅಂಥ ಸದ್ದಿಗೆ ನಾನು ಅವಳನ್ನು ಅವುಚಿಕೊಂಡು ತುಳುವಿನಲ್ಲಿ ಏನೇನೋ ಹೇಳುತ್ತಿದ್ದಾಗ ಗಂಡ ಬಾಗಿಲಲ್ಲಿ ನಿಂತಿದ್ದರು. ಎಷ್ಟು ದಿನದಿಂದ ಇದು ಎಂದು ಕೇಳಿದರು. ಹೇಳಿದೆ. ಅವರು ಕೂಗಾಡಲಿಲ್ಲ. “ಇವಳು ಹೀಗೇ ಉಳಿದರೆ ಅದಕ್ಕೆ ನೀನೇ ಕಾರಣ” ಎಂದರು.

ವಿಷಯ ತಿಳಿದ ಬಾಯಮ್ಮ ತಮ್ಮ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. “ಅವಳನ್ನು ಬೈಬೇಡಿ. ಹೇಳಿದವಳು ನಾನು” ಎಂದರು.

“ನಿಮ್ಮ ಮೇಲೆ ಗೌರವ ಉಂಟು ಬಾಯಮ್ಮ. ಆದ್ರೆ ನೀವು ಡಾಕ್ಟರಲ್ಲ.”

“ಹೌದು, ಅಲ್ಲ. ಆದ್ರೆ ಒಂದು ಭಾಷೆ ನಿಂತ ಕೋಣೆ ಹೇಗಿರ್ತದೆ ಅಂತ ನನಗೆ ಗೊತ್ತುಂಟು. ನಿಮ್ಮ ಮನೆ ಹಾಗೆ ಆಗಿತ್ತು. ನೀವು ಇಂಗ್ಲಿಷ್ ಕಲಿಸಿ, ಬೇಡ ಹೇಳುದಿಲ್ಲ. ತಾಯಿಯ ಬಾಯಿ ಮಾತ್ರ ಕಟ್ಟಬೇಡಿ.”

ಅವರಿಬ್ಬರು ಹೋದ ಮೇಲೆ ನನ್ನ ಗಂಡ ಮಗಳ ಪಕ್ಕದಲ್ಲಿ ಕುಳಿತು, ಎಷ್ಟೋ ತಿಂಗಳ ಮೇಲೆ, ಅವಳನ್ನು ತುಳುವಿನಲ್ಲಿ ‘ಬಾಲೆ’, ಮಗೂ, ಎಂದು ಕರೆದರು.

ಖಮೀಸ್ ಎಂದರೆ ಗುರುವಾರ. ಗುರುವಾರದ ಸಂತೆಯಿಂದಲೇ ಆ ಊರಿಗೆ ಹೆಸರು. ಯುದ್ಧ ನಡೆದಿರುವಾಗಲೇ ಒಂದು ಗುರುವಾರ ಬಾಯಮ್ಮ, ನಾನು, ಮಗಳು ಸಂತೆಗೆ ಹೋದೆವು. ಅವರ ಗಂಡ ಕಾರು ನಿಲ್ಲಿಸಿ ಹೊರಗೇ ಕಾಯುತ್ತಿದ್ದರು. ತುಪ್ಪ, ಜೇನು, ಕಾಮಕಸ್ತೂರಿಯ ಕಟ್ಟು ಮಾರುವ ಹೆಂಗಸರ ನಡುವೆ ನಾವು ಟೊಮೆಟೊ ಆರಿಸುತ್ತಿದ್ದೆವು. ಆಗ ತಲೆಯ ಮೇಲೆ ವಿಮಾನವೊಂದು ತೀರ ಕೆಳಗೆ ಹಾದುಹೋಯಿತು. ನಾನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡೆ. ಕೈ ಇಳಿಸಿದಾಗ ಮಗಳಿರಲಿಲ್ಲ.

ಆ ಸಂತೆಯಲ್ಲಿ ಹೆಂಗಸರೆಲ್ಲ ಮೈಪೂರ್ತಿ ಮುಚ್ಚುವ ಕಪ್ಪು ಅಬಾಯದಲ್ಲಿ. ಮಗು ಯಾವ ಅಬಾಯದ ಅಂಚನ್ನು ಅಮ್ಮನದೆಂದು ಹಿಡಿದು ಹೋಯಿತೋ! ಯಾರಾದರೂ ಹೆಸರು ಕೇಳಿದರೆ ಹೇಳುವವಳಲ್ಲ, ಅಪ್ಪ ಯಾರೆಂದರೆ ಹೇಳುವವಳಲ್ಲ, ಕೂಗಿದರೆ ಓಗೊಡುವವಳಲ್ಲ. ನಾನು ಹುಚ್ಚಿಯ ಹಾಗೆ “ಕಮ್! ಕಮ್ ಹಿಯರ್!” ಎಂದು ಕೂಗುತ್ತ ಓಡಿದೆ. ಜನರೆದುರು ತಿಂಗಳುಗಟ್ಟಲೆ ಆಡಿ ಅಭ್ಯಾಸವಾಗಿದ್ದ ಆ ಎರಡು ಶಬ್ದವೇ ಬಾಯಿಗೆ ಬಂದದ್ದು.

ಬಾಯಮ್ಮ ಹಿಂದಿನಿಂದ ನನ್ನ ರಟ್ಟೆ ಹಿಡಿದೆಳೆದರು. “ತುಳುವಿನಲ್ಲಿ ಕರಿ ಮಾರಾಯ್ತಿ! ಈ ಸಂತೆಯಲ್ಲಿ ಆ ಭಾಷೆ ನಿಂದೊಂದೇ!”

ಎಲ್ಲರ ಎದುರು ದನಿ ಎತ್ತಬಾರದ ಊರದು. ಸದಾ ದನಿ ತಗ್ಗಿಸುವ ಬಾಯಮ್ಮನೇ ಮೊದಲು ತಮ್ಮ ಮೀನು ಮಾರ್ಕೆಟಿನ ತುಳುವಿನಲ್ಲಿ, “ಬಾಲೇ, ಓಲುಲ್ಲ?” ಎಂದು ಗಂಟಲು ಹರಿಯುವಂತೆ ಕೂಗಿದರು. ಎಲ್ಲಿದ್ದೀ ಎಂದು. ನಾನೂ ಕೂಗಿದೆ. ಗಂಡಸರು ತಿರುಗಿ ನೋಡಿದರು. ಒಬ್ಬ ಏನೋ ಗದರಿದ. ನಾವು ಕೂಗುತ್ತಲೇ ಹೋದೆವು, ಬೆಳ್ಳಿ ಒಡವೆಯ ಅಂಗಡಿಗಳ ಸಾಲು ದಾಟಿ, ಮಸೀದಿಯ ಮೂಲೆಯವರೆಗೂ.

ಅಲ್ಲಿ ಕಾಮಕಸ್ತೂರಿ ಮಾರುವ ಮುದುಕಿಯೊಬ್ಬಳು ಎದುರಾದಳು. ಅವಳನ್ನು ಅಬಾಯ ಹಿಡಿದು ಎಳೆದುಕೊಂಡು ಬರುತ್ತಿದ್ದವಳು ನನ್ನ ಮಗಳು. ಆ ಅಜ್ಜಿ ನಗುತ್ತ, ದನಿ ಕೇಳಿದ್ದೇ ಇವಳು ಎಳೆಯತೊಡಗಿದಳು ಎಂದು ಅರಬ್ಬಿಯಲ್ಲಿ ಹೇಳಿದಳೆಂದು ಬಾಯಮ್ಮ ಆಮೇಲೆ ತಿಳಿಸಿದರು. ನನಗೆ ಆಗ ಏನೂ ಕೇಳಿಸಲಿಲ್ಲ. ಮಂಡಿಯೂರಿ ಕುಳಿತೆ. ಮಗಳು ಓಡಿ ಬಂದು, ಅಪ್ಪಿಕೊಳ್ಳಲಿಲ್ಲ, ನನ್ನ ಭುಜಕ್ಕೆ ಫಟ್ಟೆಂದು ಹೊಡೆದಳು.

“ಓಡೆ ಪೋಯ?” ಎಂದಳು.

ಎಲ್ಲಿಗೆ ಹೋದೆ ಎಂದು! ನಾನು ಅವಳನ್ನು ಗದರುವ ಮಾತು ಅದು, ನನ್ನದೇ ರಾಗದಲ್ಲಿ. ಬಾಯಮ್ಮ ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತರು. ಮನೆಗೆ ಬಂದ ಮೇಲೆ ಮೆಟ್ಟಿಲಲ್ಲಿ, ನನ್ನ ಮುಖ ನೋಡದೆ, “ನನಗೂ ಗೊತ್ತಿರ್ಲಿಲ್ಲ ಮಗಾ. ನನ್ನ ಮಾತು ತಪ್ಪಾದ್ರೆ ಏನು ಮಾಡುದು ಅಂತ ದಿನಾ ಹೆದರಿಕೆ. ನಿನ್ನ ಎದುರು ತೋರಿಸ್ಲಿಲ್ಲ, ಅಷ್ಟೇ” ಎಂದರು.

ಮಗಳು ಮರುದಿನದಿಂದಲೇ ಪಟಪಟನೆ ಮಾತಾಡಿದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ವಾರಕ್ಕೊಂದು ಶಬ್ದ, ಒಮ್ಮೊಮ್ಮೆ ಅದೂ ಇಲ್ಲ. ತುಳು ಮೊದಲು ಬಂತು. ಹಿಂದಿನಿಂದ ಉರ್ದು, ಅರಬ್ಬಿ, ಇಂಗ್ಲಿಷ್ ಎಲ್ಲ ಬಂದವು. ಶಾಲೆಗೆ ಒಂದು ವರ್ಷ ತಡವಾಗಿ ಸೇರಿದಳು. ಸೇರಿಸಿದ ದಿನ ನನ್ನ ಗಂಡ ಸಿಹಿ ತೆಗೆದುಕೊಂಡು ಮೊದಲು ಹತ್ತಿದ್ದು ಮೇಲಿನ ಮನೆಯ ಮೆಟ್ಟಿಲು.

ಮರುವರ್ಷ ಬಾಯಮ್ಮನ ಗಂಡನ ಕಾಂಟ್ರಾಕ್ಟು ಮುಗಿದು ಅವರಿಬ್ಬರೂ ಮಂಗಳೂರಿಗೆ ಮರಳಿದರು. ಕೆಲವು ವರ್ಷಗಳ ಮೇಲೆ ರಜೆಯಲ್ಲಿ ಹೋದಾಗ ಒಮ್ಮೆ ಕಂಡೆ. ತೆಳ್ಳಗಾಗಿದ್ದರು, ಕಾಯಿಲೆಯ ಹೆಸರು ಹೇಳಲಿಲ್ಲ. ಕಿಟಕಿ ಎಲ್ಲ ತೆರೆದಿಟ್ಟು, ದೊಡ್ಡ ದನಿಯಲ್ಲಿ ಲ್ಯಾಟಿನ್ ಹೇಳಿ ನಕ್ಕರು. ಮುಂದಿನ ಚಳಿಗಾಲದಲ್ಲಿ ಅವರ ಗಂಡ ಫೋನು ಮಾಡಿದರು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಅಲ್ಲಿಂದ ಹೊರಡುವುದು ನಮ್ಮ ಕೈಯಲ್ಲಿರಲಿಲ್ಲ.

ಫೋನು ಇಟ್ಟು ಅಳುತ್ತ ಕುಳಿತಿದ್ದಾಗ ಶಾಲೆಯಿಂದ ಬಂದ ಮಗಳು ಯಾಕೆಂದು ಕೇಳಿದಳು. ಬಾಯಮ್ಮ ಹೋದರು ಎಂದೆ. ಅವಳಿಗೆ ಅವರ ಮನೆಯ ಬಿಸ್ಕತ್ತಿನ ಡಬ್ಬಿಯಷ್ಟೇ ನೆನಪು. ನಾನು ಎಲ್ಲವನ್ನೂ ಹೇಳಿದೆ, ಅವಳು ಮಾತಾಡದೆ ಇದ್ದ ದಿನಗಳನ್ನು, ಸಂತೆಯನ್ನು. ಅವಳು ಬ್ಯಾಗು ಇಳಿಸುವುದನ್ನೂ ಮರೆತು ಕೇಳಿದಳು.

“ಯಾನಾ? ಪಾತೆರಂದೆ?” ಎಂದಳು. ನಾನಾ, ಮಾತಾಡದೆ? “ಲೊಟ್ಟೆ ಪನಡ ಅಮ್ಮಾ.”

ಸುಳ್ಳಲ್ಲ ಮಗಾ ಎಂದೆ. ಅವಳು ನಂಬಲೇ ಇಲ್ಲ. ಇವತ್ತಿಗೂ ನಂಬಿಲ್ಲ.